ಡಾಲ್ಫಿನ್ನಿಗೆ ಸರಿ, ದೊಡ್ಡಪ್ಪನಿಗೆ ರೋಗ

ಮಂಗಳವಾರ, ಊಟವಾದ ಮೇಲೆ

ನನ್ನ ಗೂಬೆಮರಿಗೆ,

ದೊಡ್ಡಪ್ಪನ ಆಶೀರ್ವಾದ. ನಾವಿಬ್ಬರೂ ಕ್ಷೇಮ. ಕಣ್ಣಿನ ವಿಷಯ ಮಾತ್ರ ಗೋಜಲು. ಅದನ್ನು ನೀನೇ ಬಿಡಿಸಬೇಕು, ಗೋಜಲು ಮಾಡಿದವಳೂ ನೀನೇ.

ಇಪ್ಪತ್ತರ ಆಸುಪಾಸಿನೊಳಗೆ ಇರಬೇಕಾದ ನನ್ನ ಕಣ್ಣೊಳಗಿನ ಒತ್ತಡ ಮೂವತ್ತು ದಾಟಿದೆ, ದಿನಾ ಹನಿ ಔಷಧಿ ಹಾಕಿಕೊಳ್ಳದಿದ್ದರೆ ದೃಷ್ಟಿ ಅಂಚಿನಿಂದ ಹೋಗುತ್ತಾ ಬರುತ್ತದೆ, ಹೋದದ್ದು ಮತ್ತೆ ಬಾರದು ಅಂತ ಕಣ್ಣಿನ ಡಾಕ್ಟರು ಹೇಳಿದರು. ಅದೇ ವಾರ ನಿನ್ನ ಕಾಗದ ಬಂತು. ನೀನು ನೋಡಿಕೊಳ್ಳುವ ಡಾಲ್ಫಿನ್ ಗದ್ದವನ್ನು ನಿನ್ನ ಅಂಗೈಯಲ್ಲಿಟ್ಟು ಕಣ್ಣಿನ ಒತ್ತಡ ಅಳೆಸಿಕೊಳ್ಳುತ್ತದೆ, ಅದಕ್ಕೂ ಮೂವತ್ತರ ಮೇಲಿದೆ, ಅದರ ಜಾತಿಗೆ ಅಷ್ಟು ಸರಿಯೇ ಅಂತ. ಅದಕ್ಕೆ ಸರಿಯಾದದ್ದು ನನಗೇಕೆ ರೋಗ? ನಿನ್ನ ದೊಡ್ಡಮ್ಮನನ್ನು ಕೇಳಿದೆ. ಅದು ನೀರಲ್ಲಿ ಮುಳುಗೋ ಪ್ರಾಣಿ, ನಿಮ್ಮನ್ನ ಸ್ನಾನಕ್ಕೆ ಎಬ್ಬಿಸೋಕೇ ಹತ್ತು ಸಲ ಕೂಗಬೇಕು ಅಂದಳು.

ಜೀವಮಾನವಿಡೀ ಪೈಪು ಜೋಡಿಸಿದವನು ನಾನು. ಒತ್ತಡ ಹೆಚ್ಚಾದರೆ ನೀರು ಬಿಡಬೇಕು, ಅಷ್ಟೇ ಗೊತ್ತು. ಡಾಲ್ಫಿನ್ ಕಣ್ಣಲ್ಲಿ ಲೋಳೆಯಂಥ ಕಣ್ಣೀರು ಸದಾ ಇಳಿಯುತ್ತಿರುತ್ತದೆ ಅಂತಲೂ ಬರೆದಿದ್ದೆಯಲ್ಲ, ಅದರ ಗುಟ್ಟು ಇದೇ ಎಂದುಕೊಂಡೆ. ಹನಿ ಔಷಧಿಯನ್ನು ಕಪಾಟಿಗೆ ಸೇರಿಸಿ, ದಿನಾ ಕೂತು ಈರುಳ್ಳಿ ಹೆಚ್ಚತೊಡಗಿದೆ. ಕಣ್ಣೀರೋ ಕಣ್ಣೀರು. ಈ ಮುದುಕನಿಗೆ ಈಗಲಾದರೂ ಬುದ್ಧಿ ಬಂತು ಅಂತ ದೊಡ್ಡಮ್ಮ ಪಕ್ಕದ ಮನೆಗೆಲ್ಲ ಹೇಳಿಕೊಂಡು ಬಂದಳು. ನಾನು ಕಾರಣ ಬಾಯಿಬಿಡಲಿಲ್ಲ.

ನಿನ್ನೆ ಡಾಕ್ಟರ ಹತ್ತಿರ ಹೋದರೆ ಒತ್ತಡ ಇನ್ನೂ ಏರಿದೆ. ಈರುಳ್ಳಿ ಕಥೆ ಹೇಳಿದೆ. ಡಾಕ್ಟರು ನಗಲಿಲ್ಲ. ಕಣ್ಣೀರಿನ ಲೈನೇ ಬೇರೆ, ಕಣ್ಣೊಳಗಿನ ನೀರಿನ ಲೈನೇ ಬೇರೆ, ನಿಮಗೆ ಕಟ್ಟಿಕೊಂಡಿರೋದು ಒಳಗಿನದು ಅಂದರು. ಪಕ್ಕದ ಮನೆಯ ನಲ್ಲಿ ತಿರುಗಿಸಿ ನಮ್ಮ ಟ್ಯಾಂಕು ಖಾಲಿಯಾಗಲಿ ಎಂದು ಕಾದವನ ಪಾಡು ನನ್ನದು. ಆದರೂ ತಲೆಗೆ ಹತ್ತದು. ಅದೇ ಮೂವತ್ತು ಒಬ್ಬರಿಗೆ ಆರೋಗ್ಯ, ಇನ್ನೊಬ್ಬರಿಗೆ ಕತ್ತಲೆ ಹೇಗೆ? ಡಾಲ್ಫಿನ್ ವಿಷಯ ನನ್ನ ಕೇಳಬೇಡಿ ಎಂದುಬಿಟ್ಟರು ಡಾಕ್ಟರು.

ನನಗೇನೂ ಆಗಿಲ್ಲ, ಎಲ್ಲ ಚೆನ್ನಾಗಿಯೇ ಕಾಣುತ್ತಿದೆ. ಕೆಲಸ ಬಿಟ್ಟು ಓಡಿ ಬರಬೇಡ.

ಇಂತಿ,
ನಿನ್ನ ಪೈಪು ದೊಡ್ಡಪ್ಪ

ಮರೆತದ್ದು: ದೊಡ್ಡಮ್ಮ ಈಗ ಬಂದು ಈ ಕಾಗದ ನೋಡಿದಳು. ಸಾಲುಗಳ ಕೊನೆಯ ಮಾತುಗಳೆಲ್ಲ ಕಾಗದ ದಾಟಿ ಮೇಜಿನ ಬಟ್ಟೆಯ ಮೇಲೆ ಬಿದ್ದಿವೆಯಂತೆ. ನನಗೆ ಅಂಚು ಕಾಣಲೇ ಇಲ್ಲ. ಬಟ್ಟೆ ನೋಡಿ ಅವಳೇ ತುಂಬಿ ಬರೆದಿದ್ದಾಳೆ. ನಿಜ ಹೇಳಲೇ, ಆ ಹನಿ ಔಷಧಿಯ ಸೀಸೆ ಹತ್ತಿರ ಬಂದರೆ ಹೆದರಿಕೆಗೆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಬಾರೇ ಮರಿ. ನನ್ನ ಗದ್ದವನ್ನೂ ಒಮ್ಮೆ ಹಿಡಿದುಕೋ.