ಹನಾನಳ ಕ್ಯಾಪ್ ಹಾಕಿದ ಹಲ್ಲು

ರೀ, ಮಹಡಿ ಮೇಲೆ ಬಾಡಿಗೆಗಿರೋ ಹನಾನಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರ್ಕೊಂಡು ಹೋಗ್ತಾ ಇದೀನಿ. ಹುಳಿ ಸ್ಟವ್ ಮೇಲಿದೆ, ಬಿಸಿ ಮಾಡ್ಕೊಳ್ಳಿ. ಅವಳ ಗಂಜಿಗೆ ಒಂದು ಹಿಡಿ ಅಕ್ಕಿ ನೆನೆಸಿಡಿ.

ಕೆನ್ನೆ ಬನ್ನಿನ ಹಾಗೆ ಊದಿದ್ದರೂ ಅವಳು ಹಲ್ಲು ಕೀಳಿಸೋಕೆ ಒಪ್ಪದಿದ್ದಾಗ "ಸೂಜಿ ಭಯ ಕಣೇ" ಅಂತ ನಕ್ಕಿರಲ್ಲ? ಸೂಜಿಯಲ್ಲ. ಸುಡಾನಿನ ಯುದ್ಧದಲ್ಲಿ ಸತ್ತ ಅವಳ ಅಣ್ಣನನ್ನು ಅವರಮ್ಮ ಗುರುತು ಹಿಡಿದದ್ದು ಹಲ್ಲಿನ ಕ್ಯಾಪ್ ನೋಡಿಯಂತೆ. ಇವಳದ್ದೂ ಅಂಥದ್ದೇ ಕ್ಯಾಪ್ ಹಾಕಿದ ಹಲ್ಲು. "ಇದನ್ನ ತೆಗೆದ್ರೆ ಅಮ್ಮನಿಗೆ ನಾನು ಹೇಗೆ ಗೊತ್ತಾಗ್ತೀನಿ ಆಂಟಿ?" ಅಂದಳು, ಯುದ್ಧವಿಲ್ಲದ ಈ ನಾಗರಬಾವಿಯಲ್ಲಿ, ನಮ್ಮ ಮೆಟ್ಟಿಲ ಮೇಲೆ ಕೂತು.

ಕಿತ್ತ ಮೇಲೆ ಬಾಯಿ ಪೂರ್ತಿ ಹೊಸ ಎಕ್ಸ್‌ರೇ ತೆಗೆಸಿ, ಗುರುತಿಗೆ ಒಂದನ್ನು ನಿನ್ನ ಅಮ್ಮನಿಗೆ ಕಳಿಸೋಣ, ಒಂದು ನಮ್ಮನೇಲಿ ಇರಲಿ ಅಂದೆ. ಆಮೇಲೇ ಅವಳು ಚಪ್ಪಲಿ ಮೆಟ್ಟಿದ್ದು.

ನೋವಿಗೆ ಮಾತ್ರೆ ಕೇಳೋಕೆ ಹೋದಾಗಲೇ, ಆಧಾರ್ ಇಲ್ಲ ಅಂತ ಎರಡು ಕ್ಲಿನಿಕ್ಕಿನವರು ಅವಳನ್ನು ವಾಪಸ್ ಕಳಿಸಿದ್ದಾರೆ. ಅವಳ ನಿರಾಶ್ರಿತರ ಕಾರ್ಡು ಅವರಿಗೆ ಅರ್ಥವಾಗಲ್ಲ. ಇವತ್ತಿನ ಕ್ಲಿನಿಕ್ಕಿನವರು ನಿಮಗೆ ಫೋನ್ ಮಾಡಿದರೆ "ನಮ್ಮ ಹುಡುಗಿ" ಅನ್ನಿ, ತಡವರಿಸಬೇಡಿ.

ಬೀರುವಿನಲ್ಲಿ ಮನೆ ಪತ್ರಗಳ ಪಕ್ಕ ಒಂದಿಷ್ಟು ಜಾಗ ಮಾಡಿಡಿ. ಆ ಎಕ್ಸ್‌ರೇ ಕೇಳಿಕೊಂಡು ಯಾರೂ ಬಾರದಿರಲಿ, ದೇವರೇ.

ಸೀತಾ