ಎಲ್ಲರಿಗೂ ನೂರಿಪ್ಪತ್ತು ಎಂಬತ್ತು

ನಾರಿನ್,
ಅಕ್ಟೋಬರ್ 14, ಶನಿವಾರ

ಪ್ರೀತಿಯ ತಂಗಿ ಕುಂದುಜ್,

ಹೇಗಿದ್ದೀಯ? ಮಾಸ್ಕೋದ ಮೆಟ್ಟಿಲು ಹತ್ತಿ ಇಳಿದು ಮಂಡಿನೋವು ಹೆಚ್ಚಾಗಿಲ್ಲ ತಾನೆ? ಬಾಣಂತಿ ಮಗಳು ಹೊಟ್ಟೆತುಂಬ ಉಣ್ಣುತ್ತಿದ್ದಾಳಾ? ಕೂಸಿಗೆ ನಲವತ್ತು ದಿನ ತುಂಬಿತಲ್ಲ, ನಲವತ್ತು ಚಮಚ ನೀರು ಹಾಕಿ ಮೀಯಿಸಿದಿರಾ? ಮೇಲೆ ಪ್ರೀತಿಯ ಎಂದು ಬರೆದದ್ದು ವಾಡಿಕೆಗೆ. ಈ ಹೊತ್ತಿನಲ್ಲಿ ನಿನ್ನ ಮೇಲೆ ನನಗಿರುವುದು ಬರೀ ಸಿಟ್ಟು. ಫೋನು ಮಾಡಿದರೆ ನೀನು ಅಳುತ್ತೀಯ, ನಾನು ಕರಗಿಬಿಡುತ್ತೇನೆ. ಅದಕ್ಕೇ ಕಾಗದ ಬರೆದು, ಇವತ್ತು ಮಾಸ್ಕೋಗೆ ಹೊರಟಿರುವ ಪಕ್ಕದ ಮನೆಯ ತಾಲಾಯ್ ಕೈಲಿ ಕಳಿಸುತ್ತಿದ್ದೇನೆ.

ಬುಧವಾರದ ತರಗತಿಯಲ್ಲಿ ಏನಾಯಿತು ಕೇಳು. ಜಿಲ್ಲೆಯ ಹದಿನಾಲ್ಕು ಮಂದಿ ಡಾಕ್ಟರು, ನರ್ಸು, ಸೂಲಗಿತ್ತಿಯರಿಗೆ ವರ್ಷದಿಂದ ನಾನು ಕಲಿಸುತ್ತಿರುವುದು ಏನು? ರೋಗಿಯ ಒಪ್ಪಿಗೆ ಕೇಳುವುದು, ಸರಿಯಾಗಿ ಅಳೆಯುವುದು, ಅಳೆದದ್ದನ್ನೇ ಬರೆಯುವುದು. ಅಧ್ಯಯನ ಮಾಡಿಯೇ ಅಧ್ಯಯನ ಕಲಿಯಲಿ ಎಂದು, ನಮ್ಮವರು ಚಹಾಕ್ಕೆ ಹಾಕುವ ಉಪ್ಪು ಕಡಿಮೆಯಾದರೆ ಬಿಪಿ ಇಳಿಯುತ್ತದೆಯೇ ಎಂಬುದನ್ನು ಹಿಡಿದುಕೊಂಡೆವು. ಆ ಹದಿನಾಲ್ಕರಲ್ಲಿ ನೀನೂ ಒಬ್ಬಳು. ನಿನ್ನ ಹಳ್ಳಿಯ ಅರವತ್ತು ಹಿರಿಯರು ನಿನ್ನ ಪಾಲು. ತಿಂಗಳಿಗೊಮ್ಮೆಯಂತೆ ಮೂರು ಸಲ ಅಳೆಯಬೇಕು, ನೂರ ನಲವತ್ತು ದಾಟಿದವರನ್ನು ಕೂಡಲೇ ನನ್ನ ಬಳಿ ಕಳಿಸಬೇಕು, ನಾನು ಮಾತ್ರೆ ಶುರುಮಾಡಬೇಕು. ಬುಧವಾರ ನಿನ್ನ ಹಾಳೆಗಳನ್ನು ಗೋಡೆಯ ಮೇಲೆ ದೊಡ್ಡದಾಗಿ ತೋರಿಸಿ, ನೋಡಿ, ಒಂದು ಮನೆಯನ್ನೂ ಬಿಟ್ಟಿಲ್ಲ, ಇದು ಕೆಲಸ ಅಂದರೆ ಎಂದು ಎದೆಯುಬ್ಬಿಸಿ ಹೇಳಿದೆ. ಖಾಲಿ ಜಾಗ ಇದೆಯೇ ಎಂದಷ್ಟೇ ನಾನು ನೋಡಿದ್ದೆ, ಅಂಕಿ ನೋಡಿರಲಿಲ್ಲ. ಹಿಂದಿನ ಬೆಂಚಿನಿಂದ ಸೂಲಗಿತ್ತಿ ಜಿಲ್ದಿಜ್ ಎದ್ದು, “ಡಾಕ್ಟರಕ್ಕ, ನಿಮ್ಮ ತಂಗಿ ಊರಿನ ಅಜ್ಜಂದಿರೆಲ್ಲ ಸೈನ್ಯಕ್ಕೆ ಸೇರೋಕೆ ಹೊರಟಿದ್ದಾರಾ? ಎಲ್ಲರದ್ದೂ ನೂರಿಪ್ಪತ್ತು ಎಂಬತ್ತೇ ಇದೆಯಲ್ಲ” ಅಂದಳು. ಇಡೀ ಕೋಣೆ ನಕ್ಕಿತು.

ಅಲ್ಲ ಕಣೇ, ಅರವತ್ತು ಜನರಲ್ಲಿ ಒಬ್ಬರದ್ದಾದರೂ ನೂರಿಪ್ಪತ್ತೆರಡು ಬರೆಯಬಾರದಿತ್ತೇ? ಸುಳ್ಳು ಬರೆಯುವುದಕ್ಕೂ ಸೋಮಾರಿತನವೇ? ನೀನು ಏನು ಹೇಳುತ್ತೀಯ ಎಂದು ನನಗೆ ಗೊತ್ತು. ಜೂನ್ ತಿಂಗಳಲ್ಲೇ ನೀನು ಒಮ್ಮೆ ಗೊಣಗಿದ್ದೆ: “ರೊಟ್ಟಿ ಮುರಿದು ಕೊಟ್ಟ ಮನೇಲಿ ಕೂತು, ನೆಂಟರೆದುರಿಗೆ ಹಿರಿಯರ ಮುಖಕ್ಕೇ ನಿಮಗೆ ಕಾಯಿಲೆ ಅಂತ ಹೇಗಕ್ಕಾ ಹೇಳ್ಲಿ?” ಆಗ ನಾನು ನಕ್ಕುಬಿಟ್ಟೆ. ಈಗ ನಗು ಬರುತ್ತಿಲ್ಲ. ಮರ್ಯಾದೆ ಇರಲಿ, ಬೇಡ ಅಂದವರು ಯಾರು? ರೊಟ್ಟಿ ತಿನ್ನು, ಚಹಾ ಕುಡಿ, ಆಶೀರ್ವಾದ ತಗೋ, ಆಮೇಲೆ ತೋಳಿಗೆ ಪಟ್ಟಿ ಕಟ್ಟು. ಅಂಕಿಯನ್ನು ಜೋರಾಗಿ ಓದಬೇಕಾಗಿಲ್ಲ, ಬರೆದುಕೊಂಡರೆ ಸಾಕು. ಮನೆಯವರಿಗೆ ಹಿತವಾಗುವ ಅಂಕಿ ಬರೆಯುವುದಾದರೆ ಯಂತ್ರ ಯಾಕೆ, ನೀನು ಯಾಕೆ, ನಾನು ಯಾಕೆ?

ಅವತ್ತೇ ಸಂಜೆ ಅಮ್ಮನ ಹತ್ತಿರ ಹೋದೆ. ಹಾಳೆಯಲ್ಲಿ ಅಮ್ಮ ಹದಿನೇಳನೆಯವಳು. ಜೂನ್, ಜುಲೈ, ಆಗಸ್ಟ್, ಮೂರು ಸಲವೂ ನೂರಿಪ್ಪತ್ತು ಎಂಬತ್ತು. ನಾನು ಅಳೆದೆ: ನೂರ ತೊಂಬತ್ತಾರು, ನೂರ ಹತ್ತು. ಹತ್ತು ನಿಮಿಷ ಬಿಟ್ಟು ಮತ್ತೆ ಅಳೆದೆ, ಎರಡೇ ಅಂಕಿ ಕಡಿಮೆ. ಅಮ್ಮ ಏನಂದಳು ಗೊತ್ತಾ? “ಕುಂದುಜ್ ಬಂದಾಗೆಲ್ಲ ನನ್ನ ಬಿಪಿ ಚೆನ್ನಾಗಿರುತ್ತೆ. ನೀನು ಬಂದ್ರೆ ಮಾತ್ರ ಏರುತ್ತೆ. ಯಾರ ತಪ್ಪು ನೀನೇ ಹೇಳು.” ಆಮೇಲೆ ಚೀಲದಿಂದ ನೀನು ಯಂತ್ರವನ್ನೇ ತೆಗೆಯುವುದಿಲ್ಲ ಎಂದೂ, ಮುಖ ನೋಡಿದರೇ ಗೊತ್ತಾಗುತ್ತೆ ಅನ್ನುತ್ತೀಯೆಂದೂ ಅಭಿಮಾನದಿಂದಲೇ ಹೇಳಿದಳು. ಹೋದ ವಾರ ಒಂದು ಬೆಳಿಗ್ಗೆ ಅವಳ ಎಡಗೈಯಿಂದ ಚಹಾ ಬಟ್ಟಲು ಜಾರಿ ಬಿತ್ತಂತೆ. ಮಧ್ಯಾಹ್ನದವರೆಗೆ ಆ ಕೈಯಲ್ಲಿ ಏನನ್ನೂ ಹಿಡಿಯಲಾಗಲಿಲ್ಲವಂತೆ, ಆಮೇಲೆ ತಾನಾಗಿಯೇ ಸರಿಹೋಯಿತಂತೆ. ಇದನ್ನು ಅವಳು ಬಟ್ಟಲು ಒಡೆದ ಸುದ್ದಿ ಎಂದು ಹೇಳಿದಳು. ಅದು ಲಕ್ವದ ಮುನ್ಸೂಚನೆ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಇನ್ನೊಂದು ಸಲ ಹಾಗಾದರೆ ಕೈ ತಿರುಗಿ ಬರುತ್ತದೆಂದು ಹೇಳಲಾಗದು. ಮೂರು ತಿಂಗಳ ಮಾತ್ರೆಯನ್ನು ನೀನು ನಮ್ಮಮ್ಮನ ಬಾಯಿಂದ ಕಿತ್ತುಕೊಂಡೆ. ಇದನ್ನು ಮೃದುವಾಗಿ ಹೇಳಲು ನನಗೆ ಬರುವುದಿಲ್ಲ.

ಅವತ್ತೇ ಅವಳನ್ನು ಆಸ್ಪತ್ರೆಗೆ ಕರೆತಂದೆ. ಮಾತ್ರೆ ಶುರುವಾಗಿದೆ, ಇವತ್ತು ನೂರ ಅರವತ್ತೆಂಟಕ್ಕೆ ಇಳಿದಿದೆ. ಊಟಕ್ಕೆ ಉಪ್ಪಿಲ್ಲವೆಂದು ನರ್ಸುಗಳ ಜೀವ ತಿನ್ನುತ್ತಿದ್ದಾಳೆ. ಉಳಿದ ಐವತ್ತೊಂಬತ್ತು ಹಿರಿಯರ ಮನೆಗಳಿಗೆ ಸೋಮವಾರದಿಂದ ಜಿಲ್ದಿಜ್ ಜೊತೆ ನಾನೇ ಹೋಗುತ್ತೇನೆ. ನಿನ್ನ ಹಾಳೆಗಳನ್ನು ಕೆಂಪು ಗೆರೆ ಎಳೆದು ತೆಗೆದಿಟ್ಟಿದ್ದೇನೆ, ಹರಿದು ಹಾಕಿಲ್ಲ. ಮೇಲಿನವರಿಗೆ ನಡೆದದ್ದನ್ನು ನಡೆದ ಹಾಗೆಯೇ ಬರೆದು ತಿಳಿಸುತ್ತೇನೆ, ಹೆಸರು ಸಮೇತ.

ಬಾಣಂತಿ ಮೈ ಗಟ್ಟಿಯಾಗಲಿ, ಕೂಸಿಗೆ ನನ್ನ ಆಯಸ್ಸೂ ಸೇರಲಿ. ಅಳಿಯನಿಗೆ ನಮಸ್ಕಾರ ತಿಳಿಸು. ಒಣಗಿಸಿದ ಮೊಸರುಂಡೆ ಕಳಿಸಿದ್ದೇನೆ, ಸಿಟ್ಟಿದೆಯೆಂದು ಅದನ್ನು ತಡೆಹಿಡಿಯಲು ಮನಸ್ಸು ಬರಲಿಲ್ಲ.

ನಿನ್ನ ಅಕ್ಕ,
ಬುರುಲ್

ಮರೆತಿದ್ದೆ: ತಾಲಾಯ್ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದ್ದಾನೆ, ಅವಸರದಲ್ಲಿ ಬರೆಯುತ್ತಿದ್ದೇನೆ. ನಿನ್ನ ಹಳ್ಳಿಯವರ ಹಳೆಯ ಲೆಕ್ಕ ಸಿಗಬಹುದೆಂದು ನಿನ್ನೆ ಅಲ್ಲಿನ ಚಿಕಿತ್ಸಾಲಯದ ಕಪಾಟು ತೆಗೆಸಿದೆ. ಕೆಳಗಿನ ಖಾನೆಯಲ್ಲಿ ಇಪ್ಪತ್ತೇಳು ವರ್ಷದ ಹಿಂದಿನ ರಿಜಿಸ್ಟರು ಇತ್ತು, ನಾನು ಅಲ್ಲಿ ಡಾಕ್ಟರಾಗಿದ್ದು ನೀನು ಕೆಲಸ ಕಲಿಯಲು ಬಂದ ವರ್ಷದ್ದು. ತಪಾಸಣೆಯವರು ಬರುವ ಹಿಂದಿನ ದಿನದ ಪುಟ ತೆಗೆದೆ. ಮೇಲಿನಿಂದ ಕೆಳಗಿನವರೆಗೆ ನೂರಿಪ್ಪತ್ತು ಎಂಬತ್ತು. ಅರ್ಧ ನನ್ನ ಕೈಬರಹ, ಅರ್ಧ ನಿನ್ನದು. “ಬರೀ ಬರೀ, ಕಾಯಿಲೆಯವರು ಜಾಸ್ತಿ ಇದ್ರೆ ನಮ್ಮನ್ನೇ ಬೈತಾರೆ” ಎಂದು ಪೆನ್ನು ನಿನ್ನ ಕೈಗೆ ಕೊಟ್ಟವಳು ನಾನೇ. ಬುಧವಾರ ಆ ಪುಟವನ್ನೂ ಗೋಡೆಯ ಮೇಲೆ ತೋರಿಸುತ್ತೇನೆ, ನಿನ್ನದರ ಪಕ್ಕದಲ್ಲೇ. ಬೇಗ ಬಾ. ಅಮ್ಮನ ಹೆಸರು ಅದರಲ್ಲೂ ಇದೆ, ನನ್ನ ಅಕ್ಷರದಲ್ಲಿ.