ಎಡಗಡೆಯ ಜಾಗ

ಮಾರ್ಚ್ ೩, ಸೋಮವಾರ

ಪರಮಪೂಜ್ಯರೂ ಮಹಾಕೋಪಿಷ್ಠರೂ ಆದ ಅಕ್ಕನವರ ಸನ್ನಿಧಿಗೆ,

ನಿಮ್ಮ ಏಕೈಕ ತಮ್ಮನ ಸಾಷ್ಟಾಂಗ. ಬರೆಯಲು ತಡವಾಯಿತು, ಕ್ಷಮಿಸು. ನಾನು ಈ ವಿಶ್ವವಿದ್ಯಾಲಯ ಸೇರಿದ ಮೇಲೆ ನೀನಂತೂ ಒಂದಕ್ಷರ ಬರೆದಿಲ್ಲ. ಆದ್ದರಿಂದ ಕ್ಷಮೆಯಲ್ಲಿ ಅರ್ಧ ಪಾಲು ನನಗೂ ಬರಬೇಕು.

ಇಲ್ಲಿ ನಮಗೆ ಕಲಿಸುವುದು ಒಬ್ಬನೇ ಹತ್ತಾರು ವಾದ್ಯ ಬಾರಿಸುವ ವಿದ್ಯೆ. ಸುತ್ತ ಡ್ರಮ್ಮು, ಕಂಚಿನ ತಟ್ಟೆ, ಗಂಟೆ, ಮರದ ತುಂಡು. ನಡುವೆ ಬೋನಿಗೆ ಬಿದ್ದ ಕೋತಿಯಂತೆ ನಾನು. ಯಾವುದನ್ನು ಎಲ್ಲಿಡಬೇಕೆಂದು ಯಾರೂ ಹೇಳುವುದಿಲ್ಲ. "ಮೊದಲು ಜೋಡಿಸೋದು ಕಲಿ, ಬಾರಿಸೋದು ಆಮೇಲೆ. ನಿನ್ನ ಕೈ ಎಷ್ಟು ಉದ್ದ ಅಂತ ನನಗೇನು ಗೊತ್ತು?" ಎನ್ನುತ್ತಾರೆ ಮೇಡಂ. ದೊಡ್ಡ ಜಾಗಟೆಗೆ "ಕಳೆದುಹೋದ ಕಿವಿಗಳಿಗೆ ಆಡಳಿತ ಮಂಡಳಿ ಹೊಣೆಯಲ್ಲ" ಎಂಬ ಫಲಕ ತಗುಲಿಸಿದ್ದು ಯಾರೆಂದು ಅವರು ವಿಚಾರಿಸಲೇ ಇಲ್ಲ. ನೇರವಾಗಿ ನನ್ನ ಕಿವಿ ಹಿಡಿದರು.

ಶುಕ್ರವಾರ ಪರೀಕ್ಷೆ, ಸಭೆಯೆದುರು ಬಾರಿಸಬೇಕು. ಮೊನ್ನೆ ಅಭ್ಯಾಸದಲ್ಲಿ ಒಂದೇ ಕಡೆ ಪದೇ ಪದೇ ಎಡವಿದೆ. ಮೇಡಂ ಒಂದು ಸುತ್ತು ಹಾಕಿ ನೋಡಿದರು.

"ಏನಪ್ಪಾ, ಎಲ್ಲಾ ಬಲಗಡೆ ತುರುಕಿದ್ದೀಯ. ಎಡಗಡೆ ಇಷ್ಟು ಜಾಗ ಯಾರಿಗೆ? ನೆಂಟರು ಬರ್ತಾರಾ?"

"ಗಾಳಿ ಆಡ್ಲಿ ಅಂತ, ಮೇಡಂ."

"ಗಾಳಿಗೆ ಫ್ಯಾನ್ ಇದೆ. ನಿಜ ಹೇಳು."

ನನಗೂ ಆಗಲೇ ಹೊಳೆದದ್ದು. ಮನೆಯ ಹಿಂದಿನ ಕೋಣೆಯಲ್ಲಿ ಡಬ್ಬ, ಬಕೆಟ್ಟು ಹರವಿಕೊಂಡು ಬಾರಿಸುವಾಗ ನನ್ನ ಎಡಕ್ಕೆ ನೀನು ನಿಲ್ಲುತ್ತಿದ್ದೆ. ಮೊಣಕೈ ತಗುಲಿದರೆ ತಲೆಗೊಂದು ಮೊಟಕುತ್ತಿದ್ದೆ. ನನ್ನ ಕೈ ಇನ್ನೂ ಆ ಕಡೆ ಹೋಗಲು ಹೆದರುತ್ತದೆ. ಬೇಕೆಂದು ಬಿಟ್ಟ ಜಾಗವಲ್ಲ, ನಿನ್ನಾಣೆ.

ಇದನ್ನೇ ಹೇಳಿದೆ. ಮೇಡಂ ನಗಲಿಲ್ಲ. ಎರಡು ಡ್ರಮ್ಮು ತಾವೇ ಎತ್ತಿ ಎಡಕ್ಕಿಟ್ಟು, "ಇಲ್ಲಿ ನೀನೊಬ್ಬನೇ ಕಣಪ್ಪಾ. ಅಕ್ಕನ್ನ ಮುಂದಿನ ಸಾಲಲ್ಲಿ ಕೂರಿಸು" ಎಂದರು. ಮತ್ತೆ ಬಾರಿಸಿದೆ. ಒಂದೂ ತಪ್ಪಲಿಲ್ಲ. ಜೊತೆಯವರು ಚಪ್ಪಾಳೆ ತಟ್ಟಿದರು. ನನಗೇಕೋ ಅಂದು ಊಟ ಸೇರಲಿಲ್ಲ.

ಶುಕ್ರವಾರ ಸಂಜೆ ಐದಕ್ಕೆ ಬಾ ಅಕ್ಕಾ. ನೀನು ಬಂದು ಬೈದರೂ ಸರಿ.

ವಯಸ್ಸಿನಲ್ಲಿ ಕಿರಿಯನಾದರೂ ಗಾಂಭೀರ್ಯದಲ್ಲಿ ಹಿರಿಯನಾದ್ದರಿಂದ ನಾನೇ ಆಶೀರ್ವದಿಸುತ್ತೇನೆ: ದೀರ್ಘಾಯುವಾಗು, ಅಲ್ಪಕೋಪಿಯಾಗು.

ಇಂತು ನಿನ್ನ,
ಪೀಡೆ

ತಾ.ಕ.: ನೀನು ಬಾರಿಸುತ್ತಿದ್ದ ಕೋಲುಗಳನ್ನು ಪಕ್ಕದ ಮನೆಯ ಮಗುವಿಗೆ ಆಡಲು ಕೊಟ್ಟೆಯೆಂದು ಅಮ್ಮ ಹೇಳಿದಳು. ಪ್ರವೇಶ ಪರೀಕ್ಷೆಗೆ ಇಬ್ಬರೂ ಹೋಗಿದ್ದೆವು. ನಿನ್ನನ್ನು ಬಿಟ್ಟು ನನ್ನನ್ನು ಆರಿಸಿದವರು ಇಲ್ಲಿನ ಪರೀಕ್ಷಕರು. ನನಗೆ ಬಾರಿಸಲು ಕಲಿಸಿದವಳೇ ನೀನು. ಸಿಟ್ಟಿದ್ದರೆ ನನಗೆ ನಾಲ್ಕು ಬಾರಿಸಬಹುದಿತ್ತು. ಕೋಲು ಯಾಕೆ ಕೊಟ್ಟೆ?